ಕಾರ್ಲ್ ಔವರ್: ಗ್ಯಾಸ್‌ಲೈಟಿನ ಬಲೆಯ ಹಿಂದಿನ ಮನುಷ್ಯ

ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆಲ್ಲ ಆವರ್ತ ಕೋಷ್ಟಕದ ಕೆಳಗೆ ಬೇರೆಯಾಗಿ ಕೂರಿಸಿರೋ ಎರಡು ಸಾಲು ನೆನಪಿರುತ್ತೆ. ಮನೆಯೊಳಗೆ ಜಾಗ ಸಾಲದೆ ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಿದ ನೆಂಟರ ಹಾಗೆ. ಮೇಲಿನ ಸಾಲು ಲ್ಯಾಂಥನೈಡ್‌ಗಳದ್ದು. ಅಲ್ಲಿಂದ ಪರೀಕ್ಷೆಗೆ ಬರೋದು ಒಂದೋ ಎರಡೋ ಪ್ರಶ್ನೆ. ಲ್ಯಾಂಥನೈಡ್ ಕುಗ್ಗುವಿಕೆ ಎಂದರೇನು ಅಂತ ಬರೆದು, ಮಾರ್ಕ್ಸ್ ತಗೊಂಡು, ಮರೆತುಬಿಡ್ತೀವಿ.

ಈಗ ನೋಡಿದರೆ ದಿನಾ ಪೇಪರಿನಲ್ಲಿ ಅವರದೇ ಸುದ್ದಿ. ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು, ವಿಂಡ್ ಟರ್ಬೈನು, ಕಿವಿಗೆ ಸಿಕ್ಕಿಸಿಕೊಳ್ಳೋ ಇಯರ್‌ಫೋನು, ಎಲ್ಲದರಲ್ಲೂ ನಿಯೋಡೈಮಿಯಮ್ ಅಯಸ್ಕಾಂತ. ಚೀನಾ ರಫ್ತು ಬಿಗಿ ಮಾಡಿತು ಅಂದರೆ ಸಾಕು, ಕಾರು ಕಂಪನಿಗಳ ನಿದ್ದೆ ಹಾರಿಹೋಗುತ್ತೆ. ಆದರೆ ಈ ನಿಯೋಡೈಮಿಯಮ್ ಅನ್ನೋದನ್ನ ಮೊದಲು ಬೇರ್ಪಡಿಸಿದ್ದು ಯಾರು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರ ಇರೋದಿಲ್ಲ. ಜರ್ಮನಿಗೆ ಓದೋಕೆ ಬಂದಿರೋ ನಾವು ಗೊತ್ತು ಮಾಡಿಕೊಳ್ಳಬೇಕಾದ ಹೆಸರು ಅದು, ಯಾಕಂದರೆ ಆತ ತನ್ನ ಕೆಲಸ ಕಲಿತದ್ದು ಇಲ್ಲಿಯೇ, ಹೈಡೆಲ್‌ಬರ್ಗಿನಲ್ಲಿ. ಹೆಸರು ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್.

ಅಚ್ಚುಮನೆಯ ಹುಡುಗ

ಕಾರ್ಲ್ ಹುಟ್ಟಿದ್ದು 1858ರ ಸೆಪ್ಟೆಂಬರ್ 1ರಂದು, ವಿಯೆನ್ನಾದಲ್ಲಿ. ಅಪ್ಪ ಅಲೋಯಿಸ್ ಔವರ್ ವೆಲ್ಸ್ ಅನ್ನೋ ಊರಿನ ಬಡ ಕುಟುಂಬದಿಂದ ಬಂದು, ಸ್ವಂತ ಶ್ರಮದಿಂದ ಹತ್ತಾರು ಭಾಷೆ ಕಲಿತು, ಕೊನೆಗೆ ಆಸ್ಟ್ರಿಯಾ ಸಾಮ್ರಾಜ್ಯದ ಸರ್ಕಾರಿ ಮುದ್ರಣಾಲಯದ ನಿರ್ದೇಶಕನಾದವನು. ಪ್ರಪಂಚದ ಲಿಪಿಗಳಿಗೆಲ್ಲ ಅಚ್ಚಿನ ಮೊಳೆ ಮಾಡಿಸೋದು ಅವನ ಹುಚ್ಚು. ಕ್ರೈಸ್ತರ ಒಂದೇ ಪ್ರಾರ್ಥನೆಯನ್ನು ಆರುನೂರಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿ ಅಚ್ಚು ಹಾಕಿಸಿದ್ದ. ನಿಜವಾದ ಎಲೆಯನ್ನೇ ಸೀಸದ ಹಾಳೆಯ ಮೇಲೆ ಒತ್ತಿ, ಅದರ ನರನರವೂ ಮೂಡುವ ಹಾಗೆ ಮುದ್ರಿಸುವ ವಿಧಾನವನ್ನೂ ಅವನ ಮುದ್ರಣಾಲಯ ರೂಪಿಸಿತ್ತು. 1860ರಲ್ಲಿ ಚಕ್ರವರ್ತಿ ಕೊಟ್ಟ ಬಿರುದಿನಿಂದ ಮನೆತನದ ಹೆಸರಿಗೆ ವೆಲ್ಸ್‌ಬಾಖ್ ಸೇರಿಕೊಂಡಿತು.

ಅಪ್ಪ ತೀರಿಹೋದಾಗ ಕಾರ್ಲ್‌ಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಶಾಲೆ ಮುಗಿಸಿ, ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ, 1880ರಲ್ಲಿ ಹೈಡೆಲ್‌ಬರ್ಗಿಗೆ ಬಂದ. ಅಲ್ಲಿದ್ದವನು ರಾಬರ್ಟ್ ಬುನ್ಸೆನ್. ಲ್ಯಾಬಿನಲ್ಲಿ ನಾವೆಲ್ಲ ಹಚ್ಚಿದ ಬರ್ನರಿಗೆ ಇರೋದು ಅವನದೇ ಹೆಸರು. ಕಿರ್ಕಾಫ್ ಜೊತೆ ಸೇರಿ ಅವನು ರೋಹಿತದರ್ಶಕ ಅನ್ನೋ ಹೊಸ ಕಣ್ಣನ್ನು ರಸಾಯನಶಾಸ್ತ್ರಕ್ಕೆ ಕೊಟ್ಟಿದ್ದ. ಒಂದು ಉಪ್ಪನ್ನು ಜ್ವಾಲೆಗೆ ಹಿಡಿದು ಆ ಬೆಳಕನ್ನು ಪ್ರಿಸಂ ಮೂಲಕ ನೋಡಿದರೆ, ಒಂದೊಂದು ಧಾತುವಿಗೂ ತನ್ನದೇ ಆದ ಗೆರೆಗಳು ಕಾಣುತ್ತವೆ. ಬೆರಳಚ್ಚಿನ ಥರ. 1882ರಲ್ಲಿ ಡಾಕ್ಟರೇಟ್ ಮುಗಿಸಿದ ಕಾರ್ಲ್ ಈ ವಿದ್ಯೆಯನ್ನು ಹೊತ್ತುಕೊಂಡು ವಿಯೆನ್ನಾಕ್ಕೆ ವಾಪಸಾದ. ಅಡಾಲ್ಫ್ ಲೀಬೆನ್ನನ ಪ್ರಯೋಗಾಲಯದಲ್ಲಿ ಸಂಬಳವಿಲ್ಲದ ಸಹಾಯಕನಾಗಿ ಸೇರಿಕೊಂಡ.

ಬಿಡಿಸಲಾಗದ ಗಂಟು

ಆಗ ರಸಾಯನಶಾಸ್ತ್ರದಲ್ಲಿ ಎಲ್ಲರ ತಲೆ ಕೆಡಿಸಿದ್ದ ವಿಷಯ ಈ ವಿರಳ ಭೂಧಾತುಗಳು, ಅಂದರೆ ರೇರ್ ಅರ್ಥ್‌ಗಳು. ಕಥೆ ಶುರುವಾದದ್ದು ಸ್ವೀಡನ್ನಿನ ಇಟರ್‌ಬಿ ಗಣಿಯ ಒಂದು ಕರಿ ಕಲ್ಲಿನಿಂದ. 1794ರಲ್ಲಿ ಯೋಹಾನ್ ಗಾಡೋಲಿನ್ ಆ ಕಲ್ಲಿನಲ್ಲಿ ಹೊಸದೊಂದು ಆಕ್ಸೈಡ್ ಕಂಡ. ಆ ಕಾಲದಲ್ಲಿ ಕರಗದ, ಸುಡದ ಇಂಥ ಆಕ್ಸೈಡುಗಳನ್ನೆಲ್ಲ ಮಣ್ಣು ಅಂತಲೇ ಕರೀತಿದ್ದರು. ವಿರಳ ಅನ್ನೋದು ಮಾತ್ರ ಪೂರ್ತಿ ನಿಜ ಅಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಮ್ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಸಿಗೋದು ಕಷ್ಟ ಅಲ್ಲ, ಒಂದರಿಂದ ಇನ್ನೊಂದನ್ನು ಬಿಡಿಸೋದು ಕಷ್ಟ.

ಯಾಕೆ ಕಷ್ಟ? ಒಂದು ಧಾತು ಹೇಗೆ ವರ್ತಿಸುತ್ತೆ ಅನ್ನೋದು ಅದರ ಹೊರಗಿನ ಎಲೆಕ್ಟ್ರಾನುಗಳ ಕೈಯಲ್ಲಿ ಇರುತ್ತೆ. ಈ ಸಾಲಿನಲ್ಲಿ ಒಂದೊಂದು ಹೆಜ್ಜೆಗೂ ಸೇರಿಕೊಳ್ಳೋ ಹೊಸ ಎಲೆಕ್ಟ್ರಾನು ಹೊರಗೆ ನಿಲ್ಲದೆ, ಒಳಗಿನ 4ಎಫ್ ಅನ್ನೋ ಕೋಣೆಗೆ ಹೋಗಿ ಕೂರುತ್ತೆ. ಬೀದಿಯಿಂದ ನೋಡಿದರೆ ಹದಿನೈದೂ ಮನೆಗಳ ಮುಂಬಾಗಿಲು ಒಂದೇ ಥರ. ಎಲ್ಲವೂ ಸಾಮಾನ್ಯವಾಗಿ ಮೂರು ಎಲೆಕ್ಟ್ರಾನು ಬಿಟ್ಟುಕೊಟ್ಟು ಅಯಾನು ಆಗುತ್ತವೆ. ವ್ಯತ್ಯಾಸ ಇರೋದು ಗಾತ್ರದಲ್ಲಿ. ಬೀಜಕೇಂದ್ರದ ಸೆಳೆತ ಹೆಚ್ಚುತ್ತಾ ಹೋಗುತ್ತೆ, 4ಎಫ್ ಎಲೆಕ್ಟ್ರಾನುಗಳು ಅದನ್ನು ಸರಿಯಾಗಿ ತಡೆಯೋದಿಲ್ಲ. ಹಾಗಾಗಿ ಲ್ಯಾಂಥನಮ್ಮಿನಲ್ಲಿ ಸುಮಾರು 103 ಪಿಕೋಮೀಟರ್ ಇರೋ ಅಯಾನಿನ ತ್ರಿಜ್ಯ ಕೊನೆಯ ಲುಟೇಷಿಯಮ್ಮಿಗೆ ಬರುವಾಗ 86ಕ್ಕೆ ಇಳಿದಿರುತ್ತೆ. ನಾವು ಬಾಯಿಪಾಠ ಮಾಡಿದ ಕುಗ್ಗುವಿಕೆ ಇದೇ. ಅಕ್ಕಪಕ್ಕದ ಎರಡು ಧಾತುಗಳ ನಡುವೆ ಇರೋ ಅಂತರ ಬರೀ ಒಂದು ಪಿಕೋಮೀಟರಿನ ಆಸುಪಾಸು. ಆ ಕೂದಲೆಳೆಯಷ್ಟು ವ್ಯತ್ಯಾಸವನ್ನೇ ಹಿಡಿದುಕೊಂಡು ಬಿಡಿಸಬೇಕು. ಕಾರ್ಲ್‌ನ ಕಾಲಕ್ಕೆ ಎಲೆಕ್ಟ್ರಾನು ಅನ್ನೋದೇ ಗೊತ್ತಿರಲಿಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಿ. ಕಾರಣ ತಿಳಿಯದೆ, ಕೈಚಳಕ ಮತ್ತು ತಾಳ್ಮೆಯಿಂದಷ್ಟೇ ಮಾಡಬೇಕಿದ್ದ ಕೆಲಸ ಅದು.

1841ರಲ್ಲಿ ಮೊಸಾಂಡರ್ ಅನ್ನೋ ಸ್ವೀಡಿಷ್ ವಿಜ್ಞಾನಿ ಡಿಡಿಮಿಯಮ್ ಎಂಬ ಧಾತು ಕಂಡುಹಿಡಿದೆ ಅಂದಿದ್ದ. ಲ್ಯಾಂಥನಮ್ಮಿನ ಜೊತೆ ಹುಟ್ಟಿದ ಅವಳಿ ಅನ್ನೋ ಅರ್ಥದ ಗ್ರೀಕ್ ಹೆಸರು. ಮೆಂಡಲೀವ್ ತನ್ನ ಕೋಷ್ಟಕದಲ್ಲಿ ಅದಕ್ಕೊಂದು ಜಾಗವನ್ನೂ ಕೊಟ್ಟಿದ್ದ. ಆದರೆ ಅದು ಒಂದೇ ಧಾತುವೋ, ಮಿಶ್ರಣವೋ ಅನ್ನೋ ಅನುಮಾನ ಹಲವರಿಗಿತ್ತು.

ಕಾರ್ಲ್ ಹಿಡಿದ ದಾರಿ ಆಂಶಿಕ ಸ್ಫಟಿಕೀಕರಣ. ಕಲ್ಲುಸಕ್ಕರೆ ಮಾಡೋದನ್ನ ನೆನಪಿಸಿಕೊಳ್ಳಿ. ಪಾಕ ತಣ್ಣಗಾಗುತ್ತಾ ಹರಳು ಕಟ್ಟುತ್ತೆ. ಎರಡು ಉಪ್ಪುಗಳ ಮಿಶ್ರಣದಲ್ಲಿ ಒಂದು ಸ್ವಲ್ಪ ಬೇಗ ಹರಳಾಗುತ್ತೆ, ಇನ್ನೊಂದು ಸ್ವಲ್ಪ ಹೆಚ್ಚು ಹೊತ್ತು ದ್ರಾವಣದಲ್ಲೇ ಉಳಿಯುತ್ತೆ. ಹರಳನ್ನು ತೆಗೆದು ಮತ್ತೆ ಕರಗಿಸು, ಮತ್ತೆ ತಣಿಸು; ಉಳಿದ ದ್ರಾವಣವನ್ನು ಪಕ್ಕದ ಪಾತ್ರೆಗೆ ಸೇರಿಸು. ಹೀಗೆ ಪಾತ್ರೆಗಳ ದೊಡ್ಡ ಸಾಲೇ ಬೆಳೆಯುತ್ತೆ. ಡಿಡಿಮಿಯಮ್ಮನ್ನು ಅಮೋನಿಯಂ ನೈಟ್ರೇಟಿನ ಜೊತೆ ಜೋಡಿ ಉಪ್ಪಾಗಿ ಮಾಡಿಕೊಂಡು, ನೂರಕ್ಕೂ ಹೆಚ್ಚು ಬಾರಿ ಈ ಕೆಲಸ ಮಾಡಿದ ಮೇಲೆ, ಸಾಲಿನ ಒಂದು ತುದಿಯ ಪಾತ್ರೆ ಹಸಿರಾಯಿತು, ಇನ್ನೊಂದು ತುದಿಯದು ತಿಳಿ ನೇರಳೆ ಗುಲಾಬಿಯಾಯಿತು. ರೋಹಿತದ ಗೆರೆಗಳೂ ಎರಡು ಪಾಲಾಗಿದ್ದವು. ಹಸಿರಿನದು ಪ್ರೇಸಿಯೋಡೈಮಿಯಮ್, ಅಂದರೆ ಹಸಿರು ಅವಳಿ. ಇನ್ನೊಂದು ನಿಯೋಡೈಮಿಯಮ್, ಹೊಸ ಅವಳಿ. 1885ರ ಜೂನ್ 18ರಂದು ಇದನ್ನು ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ತಿಳಿಸಿದಾಗ ಅವನಿಗೆ ಇಪ್ಪತ್ತಾರು ವರ್ಷ. ಹಲವರು ನಂಬಲಿಲ್ಲ. ಅದೇ ಡಿಡಿಮಿಯಮ್ ಮೇಲೆ ತಾನೂ ಕೆಲಸ ಮಾಡಿದ್ದ ಗುರು ಬುನ್ಸೆನ್ ಮಾತ್ರ ಶಿಷ್ಯನ ಬೆನ್ನಿಗೆ ನಿಂತ.

ಸುಟ್ಟ ದಾರದ ಬೂದಿ

ಈ ಕೆಲಸದ ನಡುವೆಯೇ ಇನ್ನೊಂದು ಘಟನೆ ಆಯಿತು. ಜ್ವಾಲೆಯಲ್ಲಿ ಈ ಆಕ್ಸೈಡುಗಳು ಜೋರಾಗಿ ಬೆಳಗೋದನ್ನ ಕಾರ್ಲ್ ಗಮನಿಸಿದ್ದ. ಪ್ಲಾಟಿನಂ ತಂತಿಯ ತುದಿಯಲ್ಲಿ ನಿಲ್ಲೋದು ಚೂರೇ ಚೂರು ಉಪ್ಪು. ಬೆಳಕು ಇನ್ನಷ್ಟು ಬೇಕು ಅಂತ ಹತ್ತಿ ದಾರವನ್ನು ದ್ರಾವಣದಲ್ಲಿ ಅದ್ದಿ ಜ್ವಾಲೆಗೆ ಹಿಡಿದ. ಹತ್ತಿ ಸುಟ್ಟುಹೋಯಿತು. ಆದರೆ ದಾರದ ಆಕಾರದಲ್ಲೇ ಆಕ್ಸೈಡಿನ ಬೂದಿ ಹಾಗೇ ನಿಂತು ಪ್ರಜ್ವಲಿಸಿತು. ಸರಿ, ದಾರದ ಬದಲು ಬಟ್ಟೆಯನ್ನೇ ಅದ್ದಿದರೆ? 1885ರಲ್ಲೇ ಪೇಟೆಂಟ್ ತಗೊಂಡ.

ಆಗ ಯೂರೋಪಿನ ಊರುಗಳಲ್ಲಿ ಕಲ್ಲಿದ್ದಲ ಗ್ಯಾಸಿನ ದೀಪ. ಬೆತ್ತಲೆ ಜ್ವಾಲೆ, ಮಂದ ಬೆಳಕು, ಮಸಿ. ಎಡಿಸನ್ನನ ವಿದ್ಯುತ್ ಬಲ್ಬು ಬಂದು ಗ್ಯಾಸ್ ಕಂಪನಿಗಳಿಗೆ ನಡುಕ ಹುಟ್ಟಿತ್ತು. ಹೊಸ ಮ್ಯಾಂಟಲ್ ಅವರಿಗೆ ದೇವರು ಕೊಟ್ಟ ವರ ಅನ್ನಿಸಿತು. ವಿಯೆನ್ನಾದ ಹತ್ತಿರ ಆಟ್ಸ್‌ಗರ್ಸ್‌ಡೋರ್ಫಿನಲ್ಲಿ ಕಾರ್ಖಾನೆ ಶುರುವಾಯಿತು. ಆದರೆ ಸರಕು ಚೆನ್ನಾಗಿರಲಿಲ್ಲ. ಬೆಳಕು ಹಸಿರು ಹಸಿರಾಗಿ ಕಾಣುತ್ತಿತ್ತು, ಬಲೆ ಮುಟ್ಟಿದರೆ ಪುಡಿ, ಬೆಲೆಯೂ ಜಾಸ್ತಿ. ಜನ ತಗೊಳ್ಳಲಿಲ್ಲ. 1889ರಲ್ಲಿ ಕಾರ್ಖಾನೆ ಮುಚ್ಚಿತು.

ಇವತ್ತಿನ ಸ್ಟಾರ್ಟಪ್ ಕಥೆಗಳಲ್ಲಿ ಇಲ್ಲಿಗೆ ಮುಕ್ತಾಯ. ಕಾರ್ಲ್ ಮಾತ್ರ ಲುಡ್ವಿಗ್ ಹೈಟಿಂಗರ್ ಎಂಬ ಜೊತೆಗಾರನೊಂದಿಗೆ ಪ್ರಯೋಗ ಬಿಡಲಿಲ್ಲ. ಥೋರಿಯಮ್ ಆಕ್ಸೈಡಿನ ಬಲೆ ಒಳ್ಳೆ ಬೆಳಕು ಕೊಡೋದು ಕಾಣಿಸಿತು. ಇನ್ನೂ ಶುದ್ಧ ಮಾಡೋಣ ಅಂತ ಹೊರಟರೆ ವಿಚಿತ್ರ: ಥೋರಿಯಮ್ ಶುದ್ಧವಾದಷ್ಟೂ ಬೆಳಕು ಕಡಿಮೆಯಾಗುತ್ತಿತ್ತು! ಅಂದರೆ ಬೆಳಕು ಬರುತ್ತಿದ್ದದ್ದು ಕೊಳೆಯಿಂದ. ಹುಡುಕಿದಾಗ ಆ ಕೊಳೆ ಸೀರಿಯಮ್ ಅಂತ ಗೊತ್ತಾಯಿತು. ನೂರಕ್ಕೆ 99 ಪಾಲು ಥೋರಿಯಮ್ ಆಕ್ಸೈಡ್, ಒಂದು ಪಾಲು ಸೀರಿಯಮ್ ಆಕ್ಸೈಡ್. ಹೆಚ್ಚಾದರೂ ಮಂದ, ಕಡಿಮೆಯಾದರೂ ಮಂದ. ಥೋರಿಯಮ್ ಆಕ್ಸೈಡ್ ಶಾಖವನ್ನು ಹೊರಗೆ ಸೂಸೋದು ಕಡಿಮೆ, ಹಾಗಾಗಿ ಜ್ವಾಲೆಯಲ್ಲಿ ವಿಪರೀತ ಕಾಯುತ್ತೆ. ಆ ಕಾವಿನಲ್ಲಿ ಕಣ್ಣಿಗೆ ಕಾಣೋ ಬೆಳಕನ್ನು ಚೆಲ್ಲೋದು ಸೀರಿಯಮ್ಮಿನ ಕೆಲಸ. ಸೀರಿಯಮ್ ಜಾಸ್ತಿ ಆದರೆ ಬಲೆಯೇ ತಣ್ಣಗಾಗುತ್ತೆ. ಸಾರಿಗೆ ಉಪ್ಪಿದ್ದ ಹಾಗೆ, ಹದ ಮುಖ್ಯ.

1891ರ ನವೆಂಬರಿನಲ್ಲಿ ವಿಯೆನ್ನಾದ ಆಪೆರಾ ಬಳಿಯ ಕೆಫೆಯೊಂದರ ಎದುರು ಹೊಸ ದೀಪ ಹೊತ್ತಿತು. ಈ ಸಲ ಯಾರೂ ಅದನ್ನು ತಡೆಯೋಕಾಗಲಿಲ್ಲ. ಅಷ್ಟೇ ಗ್ಯಾಸಿಗೆ ಹಲವು ಪಟ್ಟು ಬೆಳಕು. ಲಂಡನ್, ಬರ್ಲಿನ್, ನ್ಯೂಯಾರ್ಕ್ ಬೀದಿಗಳಿಗೆಲ್ಲ ಹರಡಿ, ಮ್ಯಾಂಟಲ್‌ಗಳು ಕೋಟಿಗಟ್ಟಲೆ ತಯಾರಾದವು.

ಈ ಬಲೆ ನಮ್ಮೂರಿಗೂ ಬಂತು. ಗ್ಯಾಸಿನ ಬದಲು ಪಂಪ್ ಹೊಡೆದ ಸೀಮೆಎಣ್ಣೆಯ ಆವಿಯಲ್ಲಿ ಇದೇ ಬಲೆಯನ್ನು ಉರಿಸೋ ದೀಪವನ್ನು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಗ್ರೇಟ್ಸ್ ಮಾಡಿದ. ಅದೇ ಪೆಟ್ರೋಮ್ಯಾಕ್ಸ್, ನಮ್ಮವರ ಬಾಯಲ್ಲಿ ಗ್ಯಾಸ್‌ಲೈಟು. ಕರಾವಳಿಯಲ್ಲಿ ದೊಂದಿ ಬೆಳಕಿನ ಯಕ್ಷಗಾನ ಗ್ಯಾಸ್‌ಲೈಟಿನ ಯಕ್ಷಗಾನ ಆದದ್ದು ಇದರಿಂದ. ಮದುವೆ ದಿಬ್ಬಣದ ಮುಂದೆ ತಲೆ ಮೇಲೆ ಹೊತ್ತು ನಡೆದದ್ದು, ಜಾತ್ರೆಯ ಅಂಗಡಿಗಳಲ್ಲಿ ಭುಸ್ ಅಂತ ಸದ್ದು ಮಾಡುತ್ತಾ ತೂಗಿದ್ದು ಇದೇ. ಫೋನು ಮಾಡಿದಾಗ ಅಜ್ಜಿಯನ್ನು ಕೇಳಿ ನೋಡಿ, ಹೊಸ ಮ್ಯಾಂಟಲ್ ಕಟ್ಟಿ ಸುಟ್ಟ ಮೇಲೆ ಅದನ್ನ ಮುಟ್ಟಿದ ಮಕ್ಕಳಿಗೆ ಏನಾಗ್ತಿತ್ತು ಅಂತ.

ಥೋರಿಯಮ್ ಬೇಕು ಅಂದರೆ ಮೊನಜೈಟ್ ಮರಳು ಬೇಕು. ಮೊದಮೊದಲು ಅದು ಬರುತ್ತಿದ್ದದ್ದು ಬ್ರೆಜಿಲ್ಲಿನಿಂದ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಗುರುತಿಸಿದ. ಭಾರತದ ರೇರ್ ಅರ್ಥ್ ಉದ್ಯಮದ ಬೀಜ ಬಿದ್ದದ್ದು ಆ ಮರಳಿನಲ್ಲಿ, ಮ್ಯಾಂಟಲ್ ಕಂಪನಿಗಳ ಹಸಿವಿನಿಂದ.

ಬಲ್ಬು ಮತ್ತು ಬೆಂಕಿಕಲ್ಲು

ಗ್ಯಾಸ್ ದೀಪದಿಂದ ಹಣ ಸಂಪಾದಿಸಿದವನು ವಿದ್ಯುತ್ ದೀಪದ ವಿರುದ್ಧ ನಿಲ್ಲಬೇಕಿತ್ತು. ಕಾರ್ಲ್ ಮಾಡಿದ್ದು ತದ್ವಿರುದ್ಧ. ಎಡಿಸನ್ ಬಲ್ಬಿನ ಇಂಗಾಲದ ಎಳೆಗಿಂತ ಲೋಹದ ಎಳೆ ಮೇಲು ಅಂತ ಹೊರಟು, ಮೂರು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗೋ ಆಸ್ಮಿಯಮ್ ಆರಿಸಿಕೊಂಡ. ಆ ಲೋಹವನ್ನು ತಂತಿಯಾಗಿ ಎಳೆಯೋಕೆ ಆಗೋದಿಲ್ಲ. ಹಾಗಾಗಿ ಪುಡಿಯನ್ನು ಅಂಟಿನ ಜೊತೆ ಕಲಸಿ, ಶ್ಯಾವಿಗೆ ಒತ್ತಿದ ಹಾಗೆ ಸಣ್ಣ ತೂತಿನಿಂದ ಒತ್ತಿ, ಕಾಯಿಸಿ ಗಟ್ಟಿ ಮಾಡಿದ. 1898ರಲ್ಲಿ ಪೇಟೆಂಟ್, 1902ರಿಂದ ಮಾರಾಟ. ಲೋಹದ ಎಳೆಯ ಬಲ್ಬು ಮೊದಲು ಅಂಗಡಿಗೆ ಬಂದದ್ದು ಹೀಗೆ. ಆಸ್ಮಿಯಮ್ ದುಬಾರಿ, ಬೇಗ ಟಂಗ್‌ಸ್ಟನ್ ಅದರ ಜಾಗ ಹಿಡಿಯಿತು. ಆದರೂ ಗುರುತು ಉಳಿದಿದೆ: ಆಸ್ಮಿಯಮ್ ಮತ್ತು ಟಂಗ್‌ಸ್ಟನ್ನಿನ ಜರ್ಮನ್ ಹೆಸರಾದ ವೋಲ್ಫ್ರಾಮ್ ಸೇರಿ 1906ರಲ್ಲಿ ಹುಟ್ಟಿದ ಹೆಸರು ಓಸ್ರಾಮ್. ಇಲ್ಲಿನ ಅಂಗಡಿಗಳಲ್ಲಿ ನೀವೆಲ್ಲ ನೋಡಿರೋ ಹೆಸರೇ.

ಇಂಜಿನಿಯರಿಂಗ್ ಓದಿದ ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಕೆಲಸ. ಮೊನಜೈಟಿನಿಂದ ಥೋರಿಯಮ್ ತೆಗೆದ ಮೇಲೆ ಸೀರಿಯಮ್, ಲ್ಯಾಂಥನಮ್ ಎಲ್ಲ ಬೇಡದ ಕಸವಾಗಿ ರಾಶಿ ಬೀಳುತ್ತಿತ್ತು. ಮ್ಯಾಂಟಲ್ಲಿಗೆ ಬೇಕಿದ್ದದ್ದು ಚಿಟಿಕೆ ಸೀರಿಯಮ್ ಅಷ್ಟೇ. ಈ ಕಸಕ್ಕೆ ಏನಾದರೂ ದಾರಿ ಮಾಡಬೇಕಲ್ಲ? ಸೀರಿಯಮ್ ಲೋಹವನ್ನು ಉಜ್ಜಿದರೆ ಕಿಡಿ ಬರುತ್ತೆ, ಆದರೆ ಲೋಹ ಮೆತ್ತಗೆ. ಸುಮಾರು ಮೂವತ್ತು ಪಾಲು ಕಬ್ಬಿಣ ಬೆರೆಸಿದಾಗ ಗಟ್ಟಿಯಾಗಿ, ಗೀರಿದ ಕೂಡಲೇ ಬಿಳಿ ಕಿಡಿಗಳ ಮಳೆ. 1903ರಲ್ಲಿ ಪೇಟೆಂಟ್ ಆಯಿತು. ಇವತ್ತಿಗೂ ಚಕ್ರ ತಿರುಗಿಸೋ ಲೈಟರಿನೊಳಗೆ ಇರೋ ಆ ಪುಟ್ಟ ಕಲ್ಲು ಕಲ್ಲಲ್ಲ, ಕಾರ್ಲ್‌ನ ಮಿಶ್ರಲೋಹ. ಕ್ಯಾರಿಂಥಿಯಾ ಪ್ರಾಂತ್ಯದ ಟ್ರೈಬಾಖ್‌ನಲ್ಲಿ ಮುಚ್ಚಿದ್ದ ಕಬ್ಬಿಣದ ಕಾರ್ಖಾನೆಯ ಜಾಗವನ್ನು ಅವನು 1898ರಲ್ಲೇ ಕೊಂಡಿದ್ದ. ಬೆಂಕಿಕಲ್ಲಿನ ಉದ್ಯಮ ಬೆಳೆದದ್ದು ಅಲ್ಲಿ.

ಹೆಸರಿನ ಜಗಳ

ಹಣ, ಬಿರುದು, ಅರಮನೆಯಂಥ ಮನೆ ಎಲ್ಲ ಬಂದವು. 1899ರಲ್ಲಿ ಮಾರಿ ನಿಂಪ್ಫರ್ ಜೊತೆ ಮದುವೆಯಾಗಿ ನಾಲ್ಕು ಮಕ್ಕಳೂ ಆದವು. ಆದರೂ ಆತ ಲ್ಯಾಬು ಬಿಡಲಿಲ್ಲ. ಮನೆಯಲ್ಲೇ ಪ್ರಯೋಗಾಲಯ ಕಟ್ಟಿಕೊಂಡು ಮತ್ತೆ ಅದೇ ಹರಳು, ಅದೇ ದ್ರಾವಣ. ಈ ಸಲ ಕಣ್ಣಿಗೆ ಬಿದ್ದದ್ದು ಸಾಲಿನ ಕೊನೆಯಲ್ಲಿದ್ದ ಇಟರ್ಬಿಯಮ್. ಇದೂ ಮಿಶ್ರಣವೇ ಅಂತ 1905ರಲ್ಲೇ ಸೂಚನೆ ಕೊಟ್ಟು, ಎಚ್ಚರಿಕೆಯಿಂದ ಶುದ್ಧ ಮಾಡುತ್ತಾ ಹೋದ. ಪರಮಾಣು ತೂಕ, ರೋಹಿತ ಎಲ್ಲ ಸರಿಯಾಗಿ ಅಳೆದು 1907ರ ಡಿಸೆಂಬರಿನಲ್ಲಿ ಅಕಾಡೆಮಿಯ ಮುಂದಿಟ್ಟ. ಎರಡು ಧಾತುಗಳಿಗೆ ನಕ್ಷತ್ರಲೋಕದ ಹೆಸರು: ಆಲ್ಡೆಬರೇನಿಯಮ್, ಕ್ಯಾಸಿಯೋಪಿಯಮ್.

ಅಷ್ಟು ಹೊತ್ತಿಗೆ ತಡವಾಗಿತ್ತು. ನವೆಂಬರಿನಲ್ಲೇ ಪ್ಯಾರಿಸ್ಸಿನ ಜಾರ್ಜ್ ಉರ್ಬೇನ್ ಅದೇ ಫಲಿತಾಂಶ ಪ್ರಕಟಿಸಿ, ಪ್ಯಾರಿಸ್ಸಿನ ರೋಮನ್ ಕಾಲದ ಹೆಸರಿನಿಂದ ಲುಟೇಷಿಯಮ್ ಅಂತ ನಾಮಕರಣ ಮಾಡಿದ್ದ. ಅಮೆರಿಕಾದಲ್ಲಿ ಚಾರ್ಲ್ಸ್ ಜೇಮ್ಸ್ ಕೂಡ ಸುಮಾರು ಅದೇ ಹೊತ್ತಿಗೆ ಅದನ್ನು ಬೇರ್ಪಡಿಸಿದ್ದ. ಅವನು ಹಕ್ಕು ಕೇಳೋಕೇ ಹೋಗಲಿಲ್ಲ. ಉರ್ಬೇನ್ ಮತ್ತು ಕಾರ್ಲ್ ನಡುವೆ ಮಾತ್ರ ಕಹಿ ಜಗಳ ಹತ್ತಿತು. 1909ರಲ್ಲಿ ಅಂತರರಾಷ್ಟ್ರೀಯ ಪರಮಾಣು ತೂಕ ಸಮಿತಿ ಉರ್ಬೇನ್ ಪರ ತೀರ್ಪು ಕೊಟ್ಟಿತು. ಆ ಸಮಿತಿಯ ನಾಲ್ವರು ಸದಸ್ಯರಲ್ಲಿ ಒಬ್ಬ ಯಾರು ಗೊತ್ತಾ? ಉರ್ಬೇನೇ.

ಮೊದಲು ಪ್ರಕಟಿಸಿದವನದ್ದೇ ಹಕ್ಕು ಅನ್ನೋ ನಿಯಮದಲ್ಲಿ ನ್ಯಾಯ ಇಲ್ಲ ಅಂತ ಹೇಳೋಕಾಗಲ್ಲ. ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು. ಉರ್ಬೇನ್ 1911ರಲ್ಲಿ ಸೆಲ್ಟಿಯಮ್ ಅನ್ನೋ ಇನ್ನೊಂದು ಧಾತು ಸಿಕ್ಕಿತು ಅಂದ. 1914ರಲ್ಲಿ ಮೋಸ್ಲಿ ಎಕ್ಸ್‌ರೇ ರೋಹಿತದಿಂದ ಪರೀಕ್ಷಿಸಿದಾಗ ಅದರಲ್ಲಿ ಹೊಸ ಧಾತುವಿನ ಗೆರೆ ಕಾಣಲಿಲ್ಲ. 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹಾಫ್ನಿಯಮ್ ಸಿಕ್ಕ ಮೇಲೆ ಹಳೇ ರೋಹಿತಗಳನ್ನೆಲ್ಲ ತಾಳೆ ನೋಡಿದರು. ಉರ್ಬೇನ್ ಸೆಲ್ಟಿಯಮ್ ಅಂದದ್ದರ ಗೆರೆಗಳು ಕಾರ್ಲ್‌ನ ಕ್ಯಾಸಿಯೋಪಿಯಮ್ ಗೆರೆಗಳೇ ಆಗಿದ್ದವು. ಅಂದರೆ 1907ರಲ್ಲಿ ಉರ್ಬೇನ್ ಕೈಯಲ್ಲಿದ್ದ ಲುಟೇಷಿಯಮ್ ತುಂಬ ಕಲಬೆರಕೆ. ಶುದ್ಧ ಮಾದರಿ ಇದ್ದದ್ದು ತಡವಾಗಿ ಬಂದವನ ಹತ್ತಿರ. ಜರ್ಮನ್ ಭಾಷೆಯ ಪುಸ್ತಕಗಳಲ್ಲಿ ಸುಮಾರು 1950ರವರೆಗೂ ಕ್ಯಾಸಿಯೋಪಿಯಮ್ ಅನ್ನೋ ಹೆಸರೇ ನಡೆಯಿತು, ಆಮೇಲೆ ಅಳಿಸಿಹೋಯಿತು. 2010ರಲ್ಲಿ 112ನೇ ಧಾತುವಿಗೆ ಕೋಪರ್ನಿಸಿಯಮ್ ಅಂತ ಹೆಸರಿಟ್ಟಾಗ, ಮೊದಲು ಸೂಚಿಸಿದ್ದ ಸಿಪಿ ಸಂಕೇತ ಬಿಟ್ಟು ಸಿಎನ್ ಆರಿಸಿಕೊಂಡರು. ಸಿಪಿ ಒಂದು ಕಾಲಕ್ಕೆ ಕ್ಯಾಸಿಯೋಪಿಯಮ್ಮಿನ ಗುರುತಾಗಿತ್ತು ಅನ್ನೋದು ಅದಕ್ಕೆ ಒಂದು ಕಾರಣ.

ರಿಸರ್ಚ್ ಗುಂಪುಗಳಲ್ಲಿ ಕೆಲಸ ಮಾಡ್ತಿರೋ ನಮ್ಮಲ್ಲಿ ಹಲವರಿಗೆ ಈ ಸಂಕಟ ಪರಿಚಿತ. ಬೇಗ ಪ್ರಕಟಿಸೋದಾ, ಸರಿಯಾಗಿ ಮುಗಿಸೋದಾ? ಕಾರ್ಲ್ ಸರಿಯಾಗಿ ಮುಗಿಸಿದ, ಹೆಸರು ಕಳಕೊಂಡ. ಕೆಲಸ ಮಾತ್ರ ಹಾಳಾಗಲಿಲ್ಲ. ಅವನು ಶುದ್ಧ ಮಾಡಿದ ಮಾದರಿಗಳು ಯೂರೋಪಿನ ಬೇರೆ ಪ್ರಯೋಗಾಲಯಗಳಿಗೂ ಹೋಗಿ, ಇತರರ ಅಳತೆಗಳಿಗೆ ಆಧಾರವಾದವು.

ಬೆಳಕಿನ ಕೆಳಗಿನ ಕತ್ತಲು

ದೀಪದ ಕೆಳಗೆ ಕತ್ತಲು ಅಂತ ಗಾದೆ ಇದೆಯಲ್ಲ, ಅದು ಇಲ್ಲೂ ಉಂಟು. ಥೋರಿಯಮ್ ವಿಕಿರಣ ಸೂಸುತ್ತೆ ಅಂತ 1898ರಲ್ಲಿ ಗೊತ್ತಾಯಿತು. ಮ್ಯಾಂಟಲ್ ಉದ್ಯಮ ನಿಲ್ಲಲಿಲ್ಲ. ಅಮೆರಿಕಾದ ನ್ಯೂಜೆರ್ಸಿಯ ಗ್ಲೌಸೆಸ್ಟರ್ ಸಿಟಿಯಲ್ಲಿ ಅವನದೇ ಹೆಸರು ಹೊತ್ತ ಮ್ಯಾಂಟಲ್ ಕಂಪನಿ ಬಿಟ್ಟುಹೋದ ವಿಕಿರಣಶೀಲ ಮಣ್ಣನ್ನು ಅಗೆದು ಸಾಗಿಸೋ ಕೆಲಸ ಅಲ್ಲಿನ ಸರ್ಕಾರಕ್ಕೆ ಎಷ್ಟೋ ದಶಕ ಕಳೆದ ಮೇಲೆ ಬಂತು. ಈಗಿನ ಮ್ಯಾಂಟಲ್‌ಗಳಲ್ಲಿ ಹೆಚ್ಚಾಗಿ ಥೋರಿಯಮ್ ಬದಲು ಇಟ್ರಿಯಮ್ ಇರುತ್ತೆ. ಕಸದಿಂದ ಬೆಂಕಿಕಲ್ಲು ಮಾಡಿದವನ ಉದ್ಯಮವೇ ಇನ್ನೊಂದು ಬಗೆಯ ಕಸ ಬಿಟ್ಟುಹೋಯಿತು. ಎಲೆಕ್ಟ್ರಿಕ್ ವಾಹನ, ಅಯಸ್ಕಾಂತ ಅಂತ ಮತ್ತೆ ಇದೇ ಅದಿರುಗಳ ಹಿಂದೆ ಬಿದ್ದಿರೋ ನಾವು ಇದನ್ನು ಮರೆಯೋ ಹಾಗಿಲ್ಲ.

ಅದೇ ವಿಕಿರಣದ ವಿಜ್ಞಾನಕ್ಕೆ ಅವನ ಕಾರ್ಖಾನೆ ನೆರವೂ ಆಯಿತು. ಆಟ್ಸ್‌ಗರ್ಸ್‌ಡೋರ್ಫಿನಲ್ಲಿ ಹೈಟಿಂಗರ್ ಮತ್ತು ಜೊತೆಗಾರರು ಟನ್‌ಗಟ್ಟಲೆ ಯುರೇನಿಯಂ ಅದಿರಿನ ಶೇಷದಿಂದ ಕೆಲವೇ ಗ್ರಾಂ ರೇಡಿಯಂ ತೆಗೆದು ವಿಯೆನ್ನಾ ಅಕಾಡೆಮಿಗೆ ಕೊಟ್ಟರು. ಅದರಲ್ಲೊಂದು ಪಾಲು ಕಡವಾಗಿ ಮ್ಯಾಂಚೆಸ್ಟರಿನ ರುದರ್‌ಫೋರ್ಡ್ ಕೈ ಸೇರಿತು.

ಕೊನೆಯ ವರ್ಷಗಳಲ್ಲಿ ಕಾರ್ಲ್ ಕ್ಯಾರಿಂಥಿಯಾದ ತನ್ನ ಮನೆಯಲ್ಲಿ ಸೇಬು, ಗುಲಾಬಿ ಬೆಳೆಸುತ್ತಾ, ಕಲರ್ ಫೋಟೋ ತೆಗೆಯುತ್ತಾ, ಲ್ಯಾಬಿನಲ್ಲಿ ಹರಳು ಕಟ್ಟಿಸುತ್ತಾ ಕಳೆದ. 1920ರಲ್ಲಿ ಸೀಮೆನ್ಸ್ ಉಂಗುರದ ಗೌರವ ಸಿಕ್ಕಿತು. ನೊಬೆಲ್ ಬರಲೇ ಇಲ್ಲ. 1929ರ ಆಗಸ್ಟ್ 4ರಂದು, ಎಪ್ಪತ್ತೊಂದು ತುಂಬೋಕೆ ಕೆಲವೇ ವಾರ ಇರುವಾಗ ತೀರಿಕೊಂಡ. ಅವನ ಲಾಂಛನದಲ್ಲಿ ಇದ್ದದ್ದು ಲ್ಯಾಟಿನ್ನಿನ ಎರಡೇ ಪದ, ಇನ್ನಷ್ಟು ಬೆಳಕು ಅನ್ನೋ ಅರ್ಥದ್ದು. ಆಸ್ಟ್ರಿಯಾ ಅವನ ಮುಖವನ್ನು ಇಪ್ಪತ್ತು ಶಿಲ್ಲಿಂಗ್ ನೋಟಿನ ಮೇಲೆ ಅಚ್ಚು ಹಾಕಿತ್ತು. ಅಪ್ಪ ಅಚ್ಚುಮನೆಯವನು ಅನ್ನೋದು ನೆನಪಾದರೆ ಇದೂ ಚೆಂದ ಅನ್ನಿಸುತ್ತೆ.

ನಿಯೋಡೈಮಿಯಮ್ ಅಯಸ್ಕಾಂತ ಬಂದದ್ದು 1980ರ ದಶಕದಲ್ಲಿ, ಅವನು ಸತ್ತು ಅರ್ಧ ಶತಮಾನ ಕಳೆದ ಮೇಲೆ. ತಾನು ಬೇರ್ಪಡಿಸಿದ ಗುಲಾಬಿ ಉಪ್ಪು ಮುಂದೆ ಯಾವುದಕ್ಕೆ ಬೇಕಾಗುತ್ತೆ ಅಂತ ಅವನಿಗೆ ಗೊತ್ತಿರೋ ಸಾಧ್ಯತೆಯೇ ಇರಲಿಲ್ಲ. ರಜೆಯಲ್ಲಿ ಆಸ್ಟ್ರಿಯಾ ಕಡೆ ಟ್ರಿಪ್ ಹಾಕೋರು ಕ್ಯಾರಿಂಥಿಯಾದ ಆಲ್ಟ್‌ಹೋಫೆನ್ ಊರಿನಲ್ಲಿರೋ ಔವರ್ ಫಾನ್ ವೆಲ್ಸ್‌ಬಾಖ್ ಮ್ಯೂಸಿಯಮ್ಮಿಗೆ ಒಂದು ದಿನ ಇಟ್ಟುಕೊಳ್ಳಿ. ಹೋಗೋಕಾಗದವರು ಕಿವಿಯಲ್ಲಿರೋ ಇಯರ್‌ಫೋನ್ ಒಮ್ಮೆ ತೆಗೆದು ನೋಡಿದರೂ ಆಯಿತು. ನೂರು ಸಲ ಕರಗಿಸಿ ನೂರು ಸಲ ಹರಳು ಕಟ್ಟಿಸಿದವನ ತಾಳ್ಮೆಯ ಒಂದು ಚೂರು ಅದರೊಳಗೂ ಇದೆ.